ಎಡಕ್ಕೆ ಗಂಡುಮಕ್ಕಳು, ಬಲಕ್ಕೆ ಹೆಣ್ಣುಮಕ್ಕಳು

18 ಜುಲೈ 1999, ಭಾನುವಾರ, ಹೊಳಲ್ಕೆರೆ

ಬಂದವು. ಬೆಳಿಗ್ಗೆ ಹನ್ನೊಂದಕ್ಕೆ ಗುರುರಾಜನ ಮೆಟಡೋರ್ ನಮ್ಮ ಓಣಿಗೆ ತಿರುಗಿತು. ನಾಲ್ಕು ಪೆಟ್ಟಿಗೆ, ಎರಡು ಜೋಡಿ ಸ್ಪೀಕರ್. ಒಂದು ಜೋಡಿ ಡೆನ್ಮಾರ್ಕಿನದು, ನನ್ನ ಎದೆಯೆತ್ತರ. ಇನ್ನೊಂದು ಇಂಗ್ಲೆಂಡಿನದು, ಅಡುಗೆಮನೆಯ ಹಿಟ್ಟಿನ ಡಬ್ಬದಷ್ಟು ಚಿಕ್ಕದು. ಬೆಂಗಳೂರಿನ ರಿಟೈರ್ಡ್ ಎಂಜಿನಿಯರ್ ಒಬ್ಬರು ಸಣ್ಣ ಮನೆಗೆ ಹೋಗುತ್ತಿದ್ದಾರಂತೆ. "ಎರಡನ್ನೂ ಕೇಳಿ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ದಸರೆಯೊಳಗೆ ವಾಪಸ್ ಕಳಿಸಿ" ಎಂದಿದ್ದಾರೆ. ಇಂಥ ಮನುಷ್ಯರೂ ಇದ್ದಾರೆ.

ಈ ಡೈರಿ ಸ್ಪೀಕರ್ ವಿಷಯಕ್ಕೆ ಮಾತ್ರ. ಮನೆ ವಿಷಯ, ಆಫೀಸ್ ವಿಷಯ, ದುಡ್ಡಿನ ವಿಷಯ ಇಲ್ಲಿ ಬರೆಯಬಾರದು ಎಂದು ನಿಯಮ ಮಾಡಿಕೊಂಡಿದ್ದೇನೆ. ದುಡ್ಡಿನದಂತೂ ಹೆಂಡತಿ ಮಂಗಳಾ ಕಣ್ಣಿಗೆ ಬಿದ್ದರೆ ಕಷ್ಟ.

ಅವಳಿಗೆ ಮಾತು ಕೊಟ್ಟಿದ್ದೇನೆ: ಇದೇ ಕೊನೆಯ ಜೋಡಿ. ಇಪ್ಪತ್ತು ವರ್ಷದಲ್ಲಿ ಹನ್ನೊಂದು ಜೋಡಿ ಬಂದು ಹೋಗಿವೆ. ಇನ್ನು ಸಾಯುವ ತನಕ ಒಂದೇ. ಹಾಗಾಗಿ ತಪ್ಪು ಮಾಡುವ ಹಾಗಿಲ್ಲ.

ಗುರುರಾಜ ಚಿತ್ರದುರ್ಗದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟವನು, ಈ ಹುಚ್ಚಿನಲ್ಲಿ ನನ್ನ ಏಕೈಕ ಜೊತೆಗಾರ. ಇಬ್ಬರೂ ಸೇರಿ ಊಟದ ಹೊತ್ತಿಗೆ ಎರಡೂ ಜೋಡಿಗೆ ವೈರು ಎಳೆದೆವು. ಒಂದೇ ಸಾರಂಗಿ ಸಿಡಿ, ಮೊದಲು ದೊಡ್ಡದರಲ್ಲಿ, ಆಮೇಲೆ ಚಿಕ್ಕದರಲ್ಲಿ. ಮಂಗಳಾ ಸೌಟು ಹಿಡಿದು ಬಾಗಿಲಲ್ಲಿ ನಿಂತು ಕೇಳಿದಳು.

"ಎರಡೂ ಒಂದೇ ಥರ ಐತಲ್ರೀ."

"ಅಕ್ಕೋರೇ, ಹಂಗೆ ಮಾತ್ರ ಅನ್ಬ್ಯಾಡ್ರಿ, ಇವ್ನು ಇವತ್ತು ಉಣ್ಣಲ್ಲ" ಎಂದ ಗುರುರಾಜ.

ಅವಳು ನಕ್ಕು ಕೆಮ್ಮಿದಳು. ಸಾರಂಗಿ ತೀರ ಸಣ್ಣಗೆ ಇಳಿಯುವ ಜಾಗದಲ್ಲೇ ಕೆಮ್ಮಿದ್ದರಿಂದ ಮತ್ತೆ ಮೊದಲಿಂದ ಹಾಕಬೇಕಾಯಿತು.

21 ಜುಲೈ, ಬುಧವಾರ

ಚಿಕ್ಕಜಾಜೂರು ಜಂಕ್ಷನ್ನಿನಿಂದ ಐದೂವರೆಗೆ ಮನೆ. ಕೈಕಾಲು ತೊಳೆದು ನೇರ ಕುರ್ಚಿಗೆ.

ಚಿಕ್ಕ ಜೋಡಿಯ ಬಲಗಡೆ ಪೆಟ್ಟಿಗೆಯಲ್ಲಿ 'ಸ' ಬಂದಾಗ ಒಂದು ಸಣ್ಣ ಕೆರೆತ. ಗುರುರಾಜ ಫೋನಿನಲ್ಲಿ "ಇಲ್ಲಪ್ಪ, ನಿನ್ನ ಭ್ರಮೆ" ಎಂದ. ಹಿಂದಿನ ಹಲಗೆ ಬಿಚ್ಚಿ ನೋಡಿದೆ. ಸ್ಕ್ರೂ ಒಂದು ಅರ್ಧ ಸುತ್ತು ಸಡಿಲವಾಗಿತ್ತು. ಬಿಗಿ ಮಾಡಿದೆ, ಹೋಯಿತು. ಅರ್ಧ ಸುತ್ತು! ಸ್ಟೇಷನ್ ಗಂಟೆಗಳ ವಿಷಯದಲ್ಲೂ ಹೀಗೆಯೇ. ಒಂದು ಸ್ಟೇಷನ್ನಿನಿಂದ ಪಕ್ಕದ ಸ್ಟೇಷನ್ನಿಗೆ ಗಂಟೆಯಲ್ಲೇ ಮಾತು. ಒಂದು ಏಟು ಅಂದರೆ 'ಇತ್ತ ಗಮನ ಕೊಡಿ'. ಕೇಳಿಸಿಕೊಂಡವನು ಅಷ್ಟೇ ಏಟು ತಿರುಗಿ ಹೊಡೆಯಬೇಕು, ಇಲ್ಲದಿದ್ದರೆ ಕೇಳಿಸಲಿಲ್ಲ ಅಂತಲೇ ಲೆಕ್ಕ. ಸಿಗ್ನಲ್ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಆ ಗಂಟೆಗಳನ್ನು ರಿಪೇರಿ ಮಾಡಿದ್ದೇನೆ. ಒಳಗಿನ ಸುರುಳಿ ಸುಡುವುದಕ್ಕೆ ವಾರ ಮುಂಚೆಯೇ ಸದ್ದಿನಲ್ಲಿ ನನಗೆ ಗೊತ್ತಾಗುತ್ತದೆ. ಈ ಕಿವಿಗೆ ತಪ್ಪಿಸಿಕೊಂಡು ಹೋಗುವುದು ಏನೂ ಇಲ್ಲ.

ದೊಡ್ಡ ಜೋಡಿಯಲ್ಲಿ ತಬಲಾದ ದಪ್ಪ ದನಿಯ ಬಾಯಾಂಗೆ ಅಡುಗೆಮನೆಯ ಲೋಟ ಗಲಗಲ ಅನ್ನುತ್ತದೆ. ಲೋಟಗಳ ನಡುವೆ ಪೇಪರ್ ಇಡು ಎಂದು ಮಂಗಳಾಗೆ ಹೇಳಿದೆ. ಅವಳೇನೋ ಅಂದಳು, ತಬಲಾದಲ್ಲಿ ಕೇಳಿಸಲಿಲ್ಲ.

1 ಆಗಸ್ಟ್, ಭಾನುವಾರ

ಹಿರಿಯೂರಿಗೆ ಹೋಗಿ ಬಡಗಿ ಚಿಕ್ಕತಿಮ್ಮಪ್ಪನಿಂದ ಚಿಕ್ಕ ಜೋಡಿಗೆ ತೇಗದ ಸ್ಟ್ಯಾಂಡ್ ತಂದೆ. ಕುಂತಾಗ ಕಿವಿ ಎಷ್ಟೆತ್ತರ ಬರುತ್ತದೆ ಎಂದು ಅವನು ಹೋದ ವಾರವೇ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಟೇಪಿನಲ್ಲಿ ಅಳೆದಿದ್ದ. ಈಗ ದನಿ ಸರಿಯಾಗಿ ನಡುವೆ ನಿಲ್ಲುತ್ತಿದೆ.

ಸಂಜೆ ದಾವಣಗೆರೆ ಹಾಸ್ಟೆಲಿನಿಂದ ಸ್ವಾತಿ ಫೋನ್. ಅವಳಮ್ಮನ ಜೊತೆ ಎರಡು ಮಾತಾಡಿ, ಅಪ್ಪಾಜಿಗೆ ಫೋನ್ ಕೊಡು ಅಂದಳಂತೆ.

"ಅಪ್ಪಾಜಿ, ಅಮ್ಮನ ದನಿ ಯಾಕೆ ಹಂಗಾಗೈತೆ? ಬೇರೆ ಯಾರೋ ಫೋನ್ ಎತ್ತಿದ್ರು ಅಂದ್ಕಂಡೆ."

"ಎಸ್‌ಟಿಡಿ ಬೂತಿಂದ ಮಾಡಿದ್ರೆ ಇನ್ನೆಂಗೆ ಕೇಳುತ್ತೆ? ಲೈನು ಸರಿ ಇಲ್ಲ."

"ನಿಮ್ ದನಿ ಸರಿಯಾಗೇ ಕೇಳ್ತೈತಲ್ಲ."

ಹುಡುಗಿಯ ಮೇಲೆ ಸಿಟ್ಟು ಬಂತು. ಮೂರು ಕಾಸಿನ ಕರಿ ರಿಸೀವರ್, ನಾಲ್ಕು ಕಿಲೋಹರ್ಟ್ಸ್ ಕೂಡ ದಾಟದ ತಂತಿ. ಅದರಲ್ಲಿ ಏನು ಗೊತ್ತಾಗುತ್ತದೆ?

4 ಆಗಸ್ಟ್, ಬುಧವಾರ

ಮೂರು ದಿನದಿಂದ ಮಂಗಳಾ ಮಾತಾಡುವಾಗ ಕಿವಿಗೊಟ್ಟು ನೋಡುತ್ತಿದ್ದೇನೆ. ಪದದ ಕೊನೆಯಲ್ಲಿ ಗಾಳಿ ಸೋರುತ್ತದೆ. ಏರುದನಿಗೆ ಹೋದರೆ ಎರಡಾಗಿ ಒಡೆಯುತ್ತದೆ. ಲೈನಿನ ತಪ್ಪಲ್ಲ.

"ಯಾವಾಗಿಂದ ಹಿಂಗೈತೆ?"

"ಮಾರ್ಚಿಂದ. ಪರೀಕ್ಷೆ ಟೈಮಿಂದ." ಬೆಳ್ಳುಳ್ಳಿ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ. "ಸ್ಕೂಲ್ನಾಗೆ ಪಾಠ ಮಾಡಿ ಕೂಗಿ ಕೂಗಿ ಆಗೈತೆ ಅಂದ್ಕಂಡೆ."

"ಮತ್ತೆ ನಂಗೆ ಹೇಳ್ಲೇ ಇಲ್ಲ?"

"ನೀವು ಕೇಳ್ಲಿಲ್ಲ."

ಕೇಳುವುದು ಅಂದರೆ ಪ್ರಶ್ನೆ ಹಾಕುವುದೂ ಹೌದು, ಕಿವಿಯಿಂದ ಕೇಳುವುದೂ ಹೌದು. ಅವಳು ಯಾವುದನ್ನು ಹೇಳಿದಳೋ ಗೊತ್ತಾಗಲಿಲ್ಲ. ಎರಡನ್ನೂ ಮಾಡಿರದ ಕಾರಣ ಬಿಡಿಸಿ ಕೇಳುವ ಧೈರ್ಯವೂ ಆಗಲಿಲ್ಲ. ಐದು ತಿಂಗಳು. ಅರ್ಧ ಸುತ್ತಿನ ಸ್ಕ್ರೂ ನನಗೆ ಮೂರೇ ದಿನದಲ್ಲಿ ಕೇಳಿಸಿತ್ತು.

ಇವತ್ತು ಸ್ಪೀಕರ್ ಬಗ್ಗೆ ಬರೆಯಲು ಏನೂ ಇಲ್ಲ.

9 ಆಗಸ್ಟ್, ಸೋಮವಾರ

ಚಿತ್ರದುರ್ಗದ ಗಂಟಲು ಡಾಕ್ಟರು ಕನ್ನಡಿ ಹಾಕಿ ನೋಡಿದರು, ಕುತ್ತಿಗೆ ಮುಟ್ಟಿ ನೋಡಿದರು. ನುಂಗು ಅಂದರು, ನುಂಗಿದಳು, ಇನ್ನೊಮ್ಮೆ ನುಂಗು ಅಂದರು. "ಬೆಂಗಳೂರಿಗೆ ಬರೆದುಕೊಡ್ತೀನಿ, ತಡ ಮಾಡಬೇಡಿ." ಬಸ್ಸಿನಲ್ಲಿ ಅವಳು ಚೀಟಿಯನ್ನು ಮಡಿಸಿ ಪರ್ಸಿನೊಳಗೆ ಇಟ್ಟುಕೊಂಡಳು. ನಾಳೆ ಮಕ್ಕಳಿಗೆ ಕಿರುಪರೀಕ್ಷೆ ಇತ್ತು ಎಂದು ಒಂದೇ ಮಾತು ಹೇಳಿದಳು.

16 ಆಗಸ್ಟ್, ಸೋಮವಾರ, ಬೆಂಗಳೂರು

ಕುತ್ತಿಗೆಯ ಗ್ರಂಥಿಯಲ್ಲಿ ಗೆಡ್ಡೆ. ಸೂಜಿ ಹಾಕಿ ತೆಗೆದು ನೋಡಿದ್ದಾರೆ, ಒಳ್ಳೆಯದಲ್ಲ. ತೆಗೆದರೆ ಜೀವಕ್ಕೆ ಹೆದರಿಕೆ ಇಲ್ಲವಂತೆ. ಆದರೆ ಗೆಡ್ಡೆ ದನಿಯ ನರಕ್ಕೆ ಅಂಟಿಕೊಂಡಿದೆ. ಡಾಕ್ಟರು ಚೀಟಿಯ ಹಿಂದೆ ಪೆನ್ನಿನಿಂದ ಒಂದು ಗೆರೆ ಎಳೆದು ತೋರಿಸಿದರು, ಇಷ್ಟೇ ದಪ್ಪ ಎಂದರು.

"ಬಿಡಿಸೋಕೆ ಆದ್ರೆ ದನಿ ಉಳಿಯುತ್ತೆ. ಆಗದಿದ್ರೆ ನರ ಕತ್ತರಿಸಲೇಬೇಕು. ಆಮೇಲೆ ಪಿಸುಮಾತಿನಷ್ಟು ಬರಬಹುದು. ಒಳಗೆ ನೋಡೋ ತನಕ ನಾನು ಏನೂ ಹೇಳಲಾರೆ."

ಮಂಗಳಾ ಕೇಳಿದ್ದು ಒಂದೇ: "ಪಾಠ ಮಾಡಬೌದಾ?" ಡಾಕ್ಟರು ನನ್ನ ಮುಖ ನೋಡಿದರು.

ಸೆಪ್ಟೆಂಬರ್ 15ಕ್ಕೆ ದಿನ ಕೊಟ್ಟಿದ್ದಾರೆ.

ಬೆಂಗಳೂರಿನಲ್ಲೇ ಇದ್ದೆವಲ್ಲ, ಸ್ಪೀಕರ್ ಯಜಮಾನರಿಗೆ ಒಂದು ಫೋನ್ ಮಾಡಿದೆ. ದೊಡ್ಡ ಜೋಡಿಯ ಒಳಗೆ ತುಂಬಿರುವುದು ಉಣ್ಣೆಯೋ ಹತ್ತಿಯೋ ಎಂದು ಕೇಳಿದೆ. ಉಣ್ಣೆಯಂತೆ. ಉದ್ದ ನಾರಿನ ಉಣ್ಣೆ. ಒಂದೊಂದು ಪೆಟ್ಟಿಗೆಗೆ ಎಂಟುನೂರು ಗ್ರಾಂ.

22 ಆಗಸ್ಟ್, ಭಾನುವಾರ

ಗುರುರಾಜ ಬಂದಿದ್ದ. ಜಗಳವಾಯಿತು.

ಬೆಳಿಗ್ಗೆಯಿಂದ ಏನು ಹಾಕಿದರೂ ನನಗೆ ಸರಿ ಕೇಳುತ್ತಿಲ್ಲ. ದೊಡ್ಡದು ಸಿಹಿ ಬೆರೆಸುತ್ತದೆ, ಚಿಕ್ಕದು ಒಣ ಒಣ. ಪಕ್ಕದ ತೋಟದವನು ಮೋಟಾರ್ ಹಾಕಿದ ಕೂಡಲೇ ಎರಡರಲ್ಲೂ 'ಗುಂಯ್' ಅಂತ ಗುನುಗು. ಬೇಲಿ ಹತ್ತಿರ ಹೋಗಿ ಕೂಗಾಡಿ ಬಂದೆ. ಹತ್ತು ವರ್ಷದಿಂದ ಅದೇ ಮೋಟಾರ್, ಅದೇ ಹೊತ್ತು.

"ಎಂಜಿನಿಯರ್ ಸಾಹೇಬ್ರು ಕೇಳ್ತಾ ಅವ್ರೆ. ಯಾವ್ದು ಇಟ್ಕಂತೀಯ?"

"ಎರಡೂ ಸುಳ್ಳು ಹೇಳ್ತಾವೆ."

"ಯಾವ್ದು ಸುಳ್ಳು ಅಂತ ನಿಂಗೆಂಗೆ ಗೊತ್ತು? ಆ ಸಾರಂಗಿಯೋನ ಎದುರಿಗೆ ಕುಂತು ಕೇಳಿದೀಯಾ? ಆ ಹಾಡೋನ ದನಿ ನಿಜವಾಗ್ಲೂ ಎಂಗೈತೆ ಅಂತ ಗೊತ್ತಾ? ಗೊತ್ತಿರೋ ದನಿ ಹಾಕಿ ನೋಡ್ಲೇ. ದಿನಾ ಕೇಳೋ ದನಿ."

ಅವನಿಗೆ ಗೆಡ್ಡೆ ವಿಷಯ ಹೇಳಿರಲಿಲ್ಲ. ದಿನಾ ಕೇಳೋ ದನಿ ಅಂದಿದ್ದಕ್ಕೆ ಮೈಯೆಲ್ಲ ಉರಿದು, ನಿನ್ನ ಮೆಟಡೋರ್ ತಂದು ನಾಲ್ಕೂ ತುಂಬಿಕೊಂಡು ಹೋಗು ಎಂದುಬಿಟ್ಟೆ. ಆಮೇಲೆ ಹೇಳಿದೆ. ಅವನು ಚಪ್ಪಲಿ ಹಾಕಿಕೊಂಡಿದ್ದವನು ಬಿಟ್ಟು ಒಳಗೆ ಬಂದು ಕೂತ.

24 ಆಗಸ್ಟ್, ಮಂಗಳವಾರ

ಮಂಗಳಾಗೆ ಕೇಳಿದೆ. ಗುರುರಾಜನ ಹತ್ತಿರ ಎರಡು ಮೈಕಿನ ಒಳ್ಳೆ ರೆಕಾರ್ಡರ್ ಇದೆ, ಏನಾದರೂ ಓದು, ಏನಾದರೂ ಮಾತಾಡು, ಅರ್ಧ ಗಂಟೆ ಸಾಕು.

"ಯಾಕೆ?"

"ಸ್ಪೀಕರ್ ಟೆಸ್ಟಿಗೆ."

"ಸುಳ್ಳು ಹೇಳ್ಬ್ಯಾಡ್ರಿ. ನಾನೇನು ಸತ್ತೋಗ್ತೀನಾ, ದನಿ ಹಿಡಿದಿಟ್ಕಣಕ್ಕೆ?"

"ಟೆಸ್ಟಿಗೇ ಕಣೇ."

"ಇಪ್ಪತ್ತೊಂದು ವರ್ಷ ಈ ಮನ್ಯಾಗೆ ಮಾತಾಡೀನಿ. ಆವಾಗೆಲ್ಲ ಆ ಕುರ್ಚಿ ಮೇಲೆ ಕಣ್ಮುಚ್ಕಂಡು ಕುಂತಿದ್ರಿ. ಈಗ ಮೈಕ್ ತಂದೀರಾ?"

ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಾನು ಉಂಡ ತಟ್ಟೆ ನಾನೇ ತೊಳೆದೆ. ಇವಳು ಹೊಸದುರ್ಗದ ಹುಡುಗಿ, ಮದುವೆಗೆ ಮುಂಚೆ ಅವರ ಮನೆಗೆ ಹೋದಾಗ ಒಳಗೋಣೆಯಲ್ಲಿ ಯಾರ ಜೊತೆಗೋ ಜಗಳ ಆಡುತ್ತಿದ್ದ ದನಿ ಕೇಳಿಯೇ ನಾನು ಒಪ್ಪಿದ್ದು. ಮುಖ ಆಮೇಲೆ ನೋಡಿದ್ದು. ಇದನ್ನು ಅವಳಿಗೆ ಯಾವತ್ತೂ ಹೇಳಿಲ್ಲ.

26 ಆಗಸ್ಟ್

ಮತ್ತೆ ಕೇಳಿದೆ. ಇಲ್ಲ.

30 ಆಗಸ್ಟ್, ಸೋಮವಾರ

ನಿನ್ನೆ ಸಂಜೆ ಬಟ್ಟೆ ಮಡಿಸುತ್ತಾ ತಾನೇ ಹೇಳಿದಳು: "ಮನ್ಯಾಗೆ ಬ್ಯಾಡ. ಸ್ಕೂಲಿಗೆ ಬರ್ರಿ. ಹಾಜರಿ ಕರಿತೀನಿ, ಅಷ್ಟನ್ನ ತುಂಬ್ಕಳ್ರಿ. ಬೇರೆ ಏನೂ ಕೇಳಂಗಿಲ್ಲ."

ಇವತ್ತು ಗಂಟೆ ಹೊಡೆಯುವುದರೊಳಗೆ ಏಳನೇ ಕ್ಲಾಸಿನ ಬಾಗಿಲ ಹತ್ತಿರ, ಮಕ್ಕಳ ಸಾಲಿನ ಹಿಂದೆ ಕೂತೆ. ಎರಡು ಮೈಕನ್ನು ಒಂದು ಮೊಳ ಅಂತರದಲ್ಲಿ ಅವಳ ಕಡೆಗೆ ತಿರುಗಿಸಿ ಇಟ್ಟೆ. ಎಡಕ್ಕೆ ಗಂಡುಮಕ್ಕಳು, ಬಲಕ್ಕೆ ಹೆಣ್ಣುಮಕ್ಕಳು, ನಡುವೆ ದೂರದಲ್ಲಿ ಕಪ್ಪುಹಲಗೆಯ ಮುಂದೆ ಅವಳು. ಸ್ಟೀರಿಯೋ ಟೆಸ್ಟಿಗೆ ಯಾವ ಕಂಪನಿಯೂ ಇಷ್ಟು ಚೆನ್ನಾಗಿ ಸಾಲು ಮಾಡಿ ಕೂರಿಸಲಾರದು.

ನಲವತ್ತಮೂರು ಹೆಸರು. ಒಂದೊಂದನ್ನೂ ಒಂದೊಂದು ಥರ ಕರೆಯುತ್ತಾಳೆ. ಮೋಹನ್‌ಕುಮಾರ್ ಅನ್ನುವಾಗ ಗದರಿಕೆ, ನಿರಂಜನ್ ಅನ್ನುವಾಗ ಎಲ್ಲೋ ಸ್ವಲ್ಪ ನಗು. ಅವನೇನು ಮಾಡಿದ್ದಾನೋ. ಇಪ್ಪತ್ತೇಳನೆಯ ಹೆಸರಿಗೆ ಉತ್ತರ ಬರಲಿಲ್ಲ.

"ನಿಂಗಕ್ಕ... ನಿಂಗಕ್ಕ?"

ಎರಡನೇ ಸಲ ದನಿ ಒಡೆಯಿತು. ಆಮೇಲೆ ಬಲಗಡೆಯಿಂದ ಒಂದು ಹುಡುಗಿ, "ಬಂದಿಲ್ಲ ಮಿಸ್, ಶೇಂಗಾ ಹೊಲಕ್ಕೆ ಕಳೆ ತೆಗೆಯಕ್ಕೆ ಹೋಗ್ಯಾಳೆ."

ಮುಂದಿನ ಹೆಸರು ಕರೆಯುವ ಮುಂಚೆ ನೀರು ಕುಡಿದಳು. ಹೆಡ್‌ಫೋನಿನಲ್ಲಿ ಆ ಗುಟುಕೂ ಬಂತು. ನಾನು ಅಲ್ಲಿ ಅಳಬಾರದೆಂದು ಮೀಟರಿನ ಮುಳ್ಳನ್ನೇ ನೋಡುತ್ತಾ ಕೂತಿದ್ದೆ.

5 ಸೆಪ್ಟೆಂಬರ್, ಭಾನುವಾರ

ಮಂಗಳಾ ಶಿಕ್ಷಕರ ದಿನಾಚರಣೆಗೆ ಹೋಗಿದ್ದಾಳೆ. ಮನೆಯಲ್ಲಿ ಯಾರೂ ಇಲ್ಲದಾಗ ಹಾಜರಿ ಕ್ಯಾಸೆಟ್ ಹಾಕಿದೆ. ಮೊದಲು ದೊಡ್ಡ ಜೋಡಿ.

ಬಂದೇಬಿಟ್ಟಳು. ಕೋಣೆಯ ನಡುವೆ, ಆಳೆತ್ತರ. ದನಿ ತುಂಬಿಕೊಂಡಿದೆ, ನುಣ್ಣಗಿದೆ. ಒಡಕು ಹುಡುಕಿದೆ, ಇಲ್ಲ. ಆ ಸ್ಪೀಕರಿನ ಮೈಗುಣವೇ ಹಾಗೆ, ಒರಟನ್ನೆಲ್ಲ ತೀಡಿ ಕೊಡುತ್ತದೆ. ಹೊಸದುರ್ಗದ ಒಳಗೋಣೆಯಲ್ಲಿ ಜಗಳ ಆಡುತ್ತಿದ್ದವಳು ಇವಳೇ.

ಆಮೇಲೆ ಚಿಕ್ಕ ಜೋಡಿ. ಮೊದಲ ಹೆಸರಿಗೇ ಗೊತ್ತಾಯಿತು. ಗಾಳಿ ಸೋರುವುದು, ಪದದ ತುದಿ ಹರಿಯುವುದು, ನಿಂಗಕ್ಕನ ಹೆಸರಲ್ಲಿ ಒಡೆದದ್ದು, ಎಲ್ಲ ಇದೆ. ಇದ್ದದ್ದನ್ನು ಇದ್ದ ಹಾಗೆ ಕೊಡುತ್ತಿದೆ. ಯಾವುದು ನಿಜ ಹೇಳುತ್ತದೆ ಎಂದು ಏಳು ವಾರದಿಂದ ತಲೆ ಕೆಡಿಸಿಕೊಂಡಿದ್ದೆ, ಐದು ನಿಮಿಷದಲ್ಲಿ ತೀರ್ಮಾನವಾಯಿತು.

ಆಫ್ ಮಾಡಿ ಮತ್ತೆ ದೊಡ್ಡದನ್ನೇ ಹಾಕಿದೆ. ಅವಳು ಬರುವ ತನಕ ನಾಲ್ಕು ಸಲ ಕೇಳಿದೆ.

13 ಸೆಪ್ಟೆಂಬರ್, ಸೋಮವಾರ

ಗಣೇಶನ ಹಬ್ಬ. ಓಣಿಯ ಮೂಲೆಯಲ್ಲಿ ಪೆಂಡಾಲು, ಬೆಳಿಗ್ಗೆ ಆರರಿಂದ ಮೈಕ್‌ಸೆಟ್ ಅರಚುತ್ತಿದೆ. ಕಡುಬಿನ ಹಿಟ್ಟು ಕಲೆಸುತ್ತಾ ಮಂಗಳಾ ಏನೋ ಹೇಳುತ್ತಿದ್ದಾಳೆ, ನನಗೆ ಒಂದಕ್ಷರ ಕೇಳಿಸುತ್ತಿಲ್ಲ. ಇವತ್ತು ಒಂದು ದಿನ! ಇವತ್ತೊಂದು ದಿನವಾದರೂ ಕೇಳಬೇಕಿತ್ತು. ಪೆಂಡಾಲಿಗೆ ಹೋಗಿ ಹುಡುಗರಿಗೆ ಕೈ ಮುಗಿದೆ. ಇಪ್ಪತ್ತು ವರ್ಷದಿಂದ ಬೈಯುವವನು ಕೈ ಮುಗಿದದ್ದು ನೋಡಿ ಗಾಬರಿಯಾಗಿ ನಿಲ್ಲಿಸಿದರು.

ವಾಪಸ್ ಬಂದು, "ಏನೋ ಹೇಳ್ತಿದ್ದಲ್ಲ, ಹೇಳು" ಎಂದೆ.

"ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟಿ ಹೋಗ್ಬೇಕು ಅಂದೆ."

"ಮತ್ತೆ?"

"ಮತ್ತೇನಿಲ್ಲ."

"ಇನ್ನೊಂದ್ಸಲ ಹೇಳು."

ಅವಳು ನನ್ನನ್ನು ಒಂದು ಗಳಿಗೆ ನೋಡಿ, ಉಪ್ಪಿನಕಾಯಿ ಭರಣಿಯ ಮಾತನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿದಳು.

ಗುರುರಾಜನಿಗೆ ಫೋನ್ ಮಾಡಿ ದೊಡ್ಡ ಜೋಡಿ ಇಟ್ಟುಕೊಳ್ಳುತ್ತೇನೆ ಎಂದೆ. ನಾಳೆ ಬೆಳಗಿನ ಬಸ್ಸು.

15 ಸೆಪ್ಟೆಂಬರ್

8.10. ಒಳಗೆ ಕರೆದುಕೊಂಡು ಹೋದರು. ಬಾಗಿಲ ಹತ್ತಿರ ತಿರುಗಿ "ಸ್ವಾತಿಗೆ ತಿಂಡಿ ತಿನ್ನಕ್ಕೆ ಹೇಳ್ರಿ" ಅಂದಳು.

10.30. ಇಲ್ಲ.

12.00. ಇನ್ನೂ ಇಲ್ಲ. ಸ್ವಾತಿ ನನ್ನ ತೋಳು ಹಿಡಿದು ಕೂತಿದ್ದಾಳೆ.

1.40. ಡಾಕ್ಟರು ಹೊರಗೆ ಬಂದರು. ಗೆಡ್ಡೆ ಪೂರ್ತಿ ಬಂತು. ಜೀವಕ್ಕೆ ಏನೂ ಇಲ್ಲ. ನರ ಉಳಿಸಲು ಆಗಲಿಲ್ಲ.

17 ಸೆಪ್ಟೆಂಬರ್, ಬೆಂಗಳೂರು

ಹತ್ತು ದಿನ ಮಾತಾಡುವ ಪ್ರಯತ್ನವನ್ನೂ ಮಾಡಬಾರದು. ಚಮಚದಿಂದ ಸ್ಟೀಲ್ ಲೋಟಕ್ಕೆ ಹೊಡೆಯಲು ಹೇಳಿಕೊಟ್ಟೆ. ಒಂದು ಏಟು ಅಂದರೆ 'ಇತ್ತ ಗಮನ ಕೊಡಿ'. ನಾನು ಮಂಚದ ಕಬ್ಬಿಣಕ್ಕೆ ತಿರುಗಿ ಒಂದು ಹೊಡೆಯುತ್ತೇನೆ. ಹೊಡೆಯದಿದ್ದರೆ ನನಗೆ ಕೇಳಿಸಿಲ್ಲ ಅಂತ ಲೆಕ್ಕ, ಇನ್ನೊಮ್ಮೆ ಹೊಡಿ ಎಂದೆ.

ಇವತ್ತು ಮೂವತ್ತೊಂದು ಸಲ ಹೊಡೆದಳು. ಒಂದನ್ನೂ ಎರಡನೇ ಸಲ ಹೊಡೆಯಬೇಕಾಗಲಿಲ್ಲ.

3 ಅಕ್ಟೋಬರ್, ಭಾನುವಾರ, ಹೊಳಲ್ಕೆರೆ

ಪಿಸುಮಾತು ಬರುತ್ತಿದೆ. ಬರೀ ಗಾಳಿ. ಒಂದು ಮಾರು ದೂರ ಹೋದರೆ ಇಲ್ಲ. ಫ್ಯಾನ್ ತಿರುಗುತ್ತಿದ್ದರೆ ಇಲ್ಲ, ಹಾಗಾಗಿ ಫ್ಯಾನ್ ಹಾಕುತ್ತಿಲ್ಲ. ಗೋಡೆ ಗಡಿಯಾರವನ್ನು ನಡುಮನೆಯಿಂದ ತೆಗೆದು ಹಿತ್ತಲ ಕೋಣೆಯಲ್ಲಿ ಹಾಕಿದೆ. ಪಕ್ಕದ ಮನೆ ಕೊಟ್ರಮ್ಮನವರಿಗೆ ಮಿಕ್ಸಿಯನ್ನು ನಾನು ಕೆಲಸಕ್ಕೆ ಹೋದ ಮೇಲೆ ಹಾಕಿಕೊಳ್ಳಿ ಎಂದು ಹೇಳಿ ಬಂದೆ, ಅವರು ಬೇಜಾರು ಮಾಡಿಕೊಳ್ಳಲಿಲ್ಲ.

ಅಡುಗೆಮನೆಯ ಮಣೆಯ ಮೇಲೆ ಕೂತರೆ ಚೆನ್ನಾಗಿ ಕೇಳುತ್ತದೆ. ಈಗ ಅಲ್ಲೇ ಕೂರುತ್ತೇನೆ. ಕುರ್ಚಿಯ ಮೇಲೆ ಒಗೆದ ಬಟ್ಟೆ ರಾಶಿ ಬಿದ್ದಿದೆ.

10 ಅಕ್ಟೋಬರ್, ಭಾನುವಾರ

ಗುರುರಾಜ ಚಿಕ್ಕ ಜೋಡಿ ಒಯ್ಯಲು ಮೆಟಡೋರ್ ತಂದಿದ್ದ. ಪೆಟ್ಟಿಗೆಗೆ ಹಾಕುವಷ್ಟರಲ್ಲಿ ಅಡುಗೆಮನೆಯಿಂದ ಲೋಟಕ್ಕೆ ಒಂದು ಏಟು. ಬಾಗಿಲ ಚೌಕಟ್ಟಿಗೆ ನಾನೊಂದು ಹೊಡೆದು ಒಳಗೆ ಹೋದೆ.

"ಆ ಕ್ಯಾಸೆಟ್ ಹಾಕ್ರಿ."

"ಇನ್ನೊಂದಿನ ಹಾಕಾಣ ಬಿಡು."

"ಈಗ್ಲೇ."

ಹೋದ ದನಿಯನ್ನು ಅವಳ ಎದುರಿಗೇ ಹಾಕುವುದು ಹೇಗೆ? ಗುರುರಾಜ ಎದ್ದು ಹೋಗಲೂ ಆಗದೆ ಕೂರಲೂ ಆಗದೆ ಗೋಡೆಗೆ ಒರಗಿದ. ದೊಡ್ಡ ಜೋಡಿಯಲ್ಲಿ ಹಾಕಿದೆ. ಮಂಗಳಾ ನನ್ನ ಕುರ್ಚಿಯ ಬಟ್ಟೆ ಸರಿಸಿ ಕೂತಳು. ನಾನು ಅವಳ ಬಾಯಿ ಹತ್ತಿರ ಕಿವಿಯಿಟ್ಟು ನೆಲದ ಮೇಲೆ ಕೂತೆ. ಹತ್ತು ಹೆಸರು ಆಯಿತು. ಮುಖ ಗಂಟಿಕ್ಕಿಕೊಂಡಿತು.

"ಯಾರ್ರೀ ಇದು?"

"ನೀನೇ ಅಲ್ವೇನೆ."

"ಯಾರೋ ರೇಡಿಯೋದೋಳು ಇದ್ದಂಗವ್ಳೆ." ಇನ್ನೂ ಸ್ವಲ್ಪ ಕೇಳಿ, "ಎಲ್ಲ ಉಲ್ಟಾ ಐತೆ. ಗಂಡುಮಕ್ಳು ಆ ಕಡೆ ಅಲ್ಲ. ಈ ಕಡೆ."

"ಎಡಕ್ಕೇ ಕುಂತಿದ್ದು. ನಾನೇ ನೋಡೀನಲ್ಲ."

"ನೀವು ಬಾಗ್ಲತ್ರ ಹುಡುಗ್ರ ಹಿಂದೆ ಕುಂತಿದ್ರಿ. ನಾನು ಅಲ್ಲಿ ಕುಂತಿದ್ನಾ? ಇಪ್ಪತ್ತು ವರ್ಷದಿಂದ ನಂಗೆ ಗಂಡುಮಕ್ಳು ಬಲಕ್ಕೇ."

ಗುರುರಾಜ ತಲೆ ತಗ್ಗಿಸಿ ನಗು ತಡೆಯುತ್ತಿದ್ದ. ನಾನು ಎರಡು ಮೈಕಿಟ್ಟು, ಮೊಳ ಅಳೆದು, ಮೀಟರ್ ನೋಡಿ ತುಂಬಿಕೊಂಡು ಬಂದದ್ದು ನನ್ನ ಕ್ಲಾಸು. ಅವಳದು ಅದರ ಎದುರುಗಡೆ ಇತ್ತು. ಎಡದ ವೈರು ಬಲಕ್ಕೆ, ಬಲದ್ದು ಎಡಕ್ಕೆ ಬದಲಿಸಿದೆ. ಮತ್ತೆ ಹೊಡೆದಳು, ಕುರ್ಚಿಯ ಕೈಗೆ, ಒಂದು ಏಟು.

"ಆ ಚಿಕ್ಕದ್ರಾಗೆ ಹಾಕ್ರಿ."

"ಅದ್ರಾಗೆ ಚೆನ್ನಾಗಿ ಬರಲ್ಲ ಕಣೆ." ಇದು ನಾನು ಹೇಳಿದ ಸುಳ್ಳು. ಇಪ್ಪತ್ತು ವರ್ಷದಲ್ಲಿ ಸದ್ದಿನ ವಿಷಯದಲ್ಲಿ ಯಾರಿಗೂ ಸುಳ್ಳು ಹೇಳಿದವನಲ್ಲ.

"ಹಾಕ್ರಿ ಅಂದೆ."

ಹಾಕಿದೆ. ಮೋಹನ್‌ಕುಮಾರನ ಗದರಿಕೆ ಬಂತು, ನಿರಂಜನನ ನಗು ಬಂತು, ಗಾಳಿ ಸೋರಿತು. ಅವಳ ಮುಖ ಸಡಿಲವಾಯಿತು. ನಿಂಗಕ್ಕನ ಹೆಸರು ಎರಡನೇ ಸಲ ಬಂದು ಒಡೆದಾಗ ನಾನು ಕಣ್ಣು ಮುಚ್ಚಿಕೊಂಡೆ. ಅವಳು ನನ್ನ ಹೆಗಲ ಮೇಲೆ ಕೈಯಿಟ್ಟಳು.

"ಇದು ನಾನು. ಮಾರ್ಚಿಂದ ದಿನಾ ಹಿಂಗೇ ಕೇಳ್ತಿತ್ತು ನಂಗೆ. ನಿಮಗೂ ಕೇಳ್ಸುತ್ತಾ?"

ಕೇಳಿಸುತ್ತೆ ಅಂದೆ. ಆಗ ನನಗೆ ಅಳು ಬಂತು, ಗುರುರಾಜನ ಎದುರಿಗೇ.

ಅವನು ಮೆಟಡೋರಿಗೆ ದೊಡ್ಡ ಜೋಡಿಯನ್ನು ತುಂಬಿಕೊಂಡು ಹೋದ.

7 ನವೆಂಬರ್, ಭಾನುವಾರ

ಗುರುರಾಜನಿಂದ ಕಾಲರ್ ಮೈಕು, ಸೊಂಟಕ್ಕೆ ಕಟ್ಟುವ ಸಣ್ಣ ಆಂಪ್ಲಿಫೈಯರ್, ಅಂಗೈಯಗಲದ ಸ್ಪೀಕರ್ ತರಿಸಿ ವಾರವಿಡೀ ಕೂತು ಜೋಡಿಸಿದೆ. 15ನೇ ತಾರೀಖು ಸೋಮವಾರ ಅವಳು ಸ್ಕೂಲಿಗೆ ಹೋಗುತ್ತಾಳೆ. ಹೆಡ್ ಮಾಸ್ಟರು ಆಫೀಸ್ ಕೆಲಸ ನೋಡಿಕೊಳ್ಳಿ, ಪಾಠ ಬೇಡ ಅಂದಿದ್ದಾರೆ. ಒಂದು ದಿನ ಕ್ಲಾಸು ಕೊಟ್ಟು ನೋಡಿ, ಆಗದಿದ್ದರೆ ನಾನೇ ಬಿಡುತ್ತೇನೆ ಎಂದು ಇವಳು ಚೀಟಿ ಬರೆದು ಕಳಿಸಿದ್ದಾಳೆ.

ಮೈಕು ಹಾಕಿಕೊಂಡು ನೋಡಿದಳು. ಪೆಟ್ಟಿಗೆಯಿಂದ ಗರಗರ ಅಂತ ದೊಡ್ಡ ಪಿಸುಮಾತು ಬಂತು. ಬಿಚ್ಚಿ ಮೇಜಿನ ಮೇಲಿಟ್ಟಳು.

"ಸ್ಪೀಕರ್ ಬ್ಯಾಡ."

"ಮಕ್ಳಿಗೆ ಕೇಳ್ಬೇಕಲ್ಲ?"

"ಅವು ಕೇಳ್ತಾವೆ."

"ನಲವತ್ಮೂರು ಮಕ್ಳು ಕಣೆ. ಎರಡನೇ ಬೆಂಚಿಗೆ ಹೋಗಲ್ಲ ನಿನ್ ದನಿ. ಅಳೆದು ನೋಡೀನಿ ನಾನು."

"ಅಳೀರಿ" ಅಂದು ಒಲೆ ಹತ್ತಿರ ಹೋದಳು.

15 ನವೆಂಬರ್, ಸೋಮವಾರ

ಅರ್ಧ ದಿನ ರಜೆ ಹಾಕಿ ಅವಳ ಹಿಂದೆಯೇ ಹೋದೆ. ಮೈಕಿನ ಸೆಟ್ಟು ಚೀಲದಲ್ಲಿತ್ತು, ಬೇಕಾದರೆ ಕೊಡೋಣ ಎಂದು. ಒಳಗೆ ಬರಬ್ಯಾಡ್ರಿ ಎಂದಿದ್ದಳು, ಹಾಗಾಗಿ ಕ್ಲಾಸಿನ ಹೊರಗೆ ಜಗಲಿಯ ಕಂಬದ ಹತ್ತಿರ ನಿಂತೆ. ಹೆಡ್ ಮಾಸ್ಟರು ಆಫೀಸ್ ಬಾಗಿಲಲ್ಲಿ ನಿಂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ನಿಂತಿದ್ದೆವು.

ಮಂಗಳಾ ಒಳಗೆ ಹೋದಾಗ ಕ್ಲಾಸಿನ ತುಂಬ ಗಲಾಟೆ. ಬೆಂಚು ಎಳೆಯುವುದು, ಕಿರುಚಾಟ. ಚೀಲದ ಬಾಯಿ ಬಿಚ್ಚಿದೆ. ಅಷ್ಟರಲ್ಲಿ ಮೇಜಿನ ಮೇಲೆ ಡಸ್ಟರಿನಿಂದ ಒಂದು ಏಟು.

ಗಲಾಟೆ ಒಂದೇ ಸಲ ನಿಂತಿತು. ಆಮೇಲೆ ಏನೂ ಇಲ್ಲ. ಎಷ್ಟು ಹೊತ್ತು ಏನೂ ಇಲ್ಲ ಎಂದರೆ, ಆಗಲಿಲ್ಲ ಅಂತಲೇ ಅಂದುಕೊಂಡೆ. ಪಕ್ಕದ ಕ್ಲಾಸಿನ ಮಗ್ಗಿ ಕೇಳುತ್ತಿತ್ತು, ಹೊರಗೆ ಗುಬ್ಬಿ ಕೇಳುತ್ತಿತ್ತು.

"ಹಾಜರ್ ಮಿಸ್."

ಗಂಡುಹುಡುಗನ ದನಿ. ಮತ್ತೆ ಮೌನ. "ಹಾಜರ್ ಮಿಸ್." ಇನ್ನೊಬ್ಬ. ಅವಳು ಕರೆಯುತ್ತಿದ್ದದ್ದು ನನಗೆ ಕೇಳಿಸಲೇ ಇಲ್ಲ. ಕಂಬ ಬಿಟ್ಟು ಕಿಟಕಿಯ ಸರಳಿಗೆ ಕಿವಿ ಒತ್ತಿ ನಿಂತೆ, ಆದರೂ ಇಲ್ಲ. ಕ್ಯಾಸೆಟ್ಟಿನಲ್ಲಿ ಇದ್ದ ಮಕ್ಕಳೇ, ಅದೇ ಸಾಲು, ನಡುವೆ ಅವಳ ಜಾಗದಲ್ಲಿ ಏನೂ ಇಲ್ಲ, ಆದರೆ ಒಬ್ಬೊಬ್ಬರೂ ತಮ್ಮ ಸರದಿಗೆ ಉತ್ತರ ಕೊಡುತ್ತಿದ್ದರು. ಹಿಂದಿನ ಬೆಂಚಿನವರೂ ಕೊಟ್ಟರು. ನಾನು ಬೆರಳು ಮಡಚಿ ಎಣಿಸತೊಡಗಿದೆ. ಇಪ್ಪತ್ತನಾಲ್ಕು. ಇಪ್ಪತ್ತೈದು. ಇಪ್ಪತ್ತಾರು.

ಇಪ್ಪತ್ತೇಳಕ್ಕೆ ಉಸಿರು ಹಿಡಿದೆ. ಆ ಜಾಗ ನನಗೆ ಬಾಯಿಪಾಠ, ಅಲ್ಲಿ ಉತ್ತರ ಇಲ್ಲ, ಅವಳು ಎರಡು ಸಲ ಕರೆಯುತ್ತಾಳೆ, ಎರಡನೆಯದರಲ್ಲಿ ದನಿ ಒಡೆಯುತ್ತದೆ.

"ಹಾಜರ್ ಮಿಸ್" ಅಂದಳು ನಿಂಗಕ್ಕ, ಒಂದೇ ಸಲಕ್ಕೆ.